ಹೊಕುಸಾಯ್ ಅಲೆಯ ಅಸಲಿ ಚಿತ್ರ ಎಲ್ಲಿದೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಪ್ರಕಟಿಸಿದ ಜಪಾನಿನ ಅಲೆಯ ಚಿತ್ರದ ಕೆಳಗೆ ‘ಬ್ರಿಟಿಷ್ ಮ್ಯೂಸಿಯಂ, ಲಂಡನ್’ ಎಂದಿತ್ತು. ನನ್ನ ಮಗಳು ಅದನ್ನೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೋಡಿದ್ದಾಳೆ. ಅಸಲಿ ಯಾವುದು? ನಕಲಿಗೂ ಇಷ್ಟೊಂದು ಮರ್ಯಾದೆ ಏಕೆ?
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಎರಡೂ ಅಸಲಿಯೇ. ಮರದ ಹಲಗೆಯ ಅಚ್ಚಿನಿಂದ ಒತ್ತಿದ ಇಂಥ ನೂರಕ್ಕೂ ಹೆಚ್ಚು ಪ್ರತಿಗಳು ಜಗತ್ತಿನ ನಾನಾ ಕಡೆ ಉಳಿದಿವೆ. ಇವೆಲ್ಲಕ್ಕೂ ಮೂಲವಾದ ಒಂದು ಚಿತ್ರ ಎಲ್ಲಾದರೂ ಭದ್ರವಾಗಿರಬೇಕಲ್ಲ ಎಂದು ನಿಮಗೆ ಅನ್ನಿಸಿದ್ದರೆ ಅದು ಸಹಜ. ಆದರೆ ಅದು ಅಚ್ಚು ಸಿದ್ಧವಾಗುವಾಗಲೇ ನಾಶವಾಯಿತು.

1831ರ ಸುಮಾರಿಗೆ, ಎಪ್ಪತ್ತು ದಾಟಿದ್ದ ಜಪಾನಿನ ಚಿತ್ರಕಾರ ಹೊಕುಸಾಯ್ ತೆಳು ಕಾಗದದ ಮೇಲೆ ಮಸಿಯಲ್ಲಿ ಈ ಚಿತ್ರ ಬರೆದುಕೊಟ್ಟ. ಬಂಡವಾಳ ಹೂಡಿದವನು ಎಡೊ ನಗರದ, ಅಂದರೆ ಇಂದಿನ ಟೋಕಿಯೊದ, ಪ್ರಕಾಶಕ ನಿಶಿಮುರಾಯಾ ಯೊಹಾಚಿ. ಕೆತ್ತನೆಗಾರ ಆ ಕಾಗದವನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಗಳನ್ನಷ್ಟೇ ಉಳಿಸಿ, ಮಿಕ್ಕ ಮರವನ್ನು ಕಾಗದದ ಸಮೇತ ಕೊರೆದು ತೆಗೆದ. ಅಲೆಯ ತುದಿಯಲ್ಲಿ ಉಗುರುಗಳಂತೆ ಬಾಗಿರುವ ನೊರೆಯನ್ನು ಮತ್ತೊಮ್ಮೆ ನೋಡಿ. ಅದರ ಒಂದೊಂದು ಗೆರೆಯೂ ಹಲಗೆಯ ಮೇಲೆ ಕೂದಲೆಳೆಯಷ್ಟು ಸಪೂರವಾಗಿ ಎದ್ದು ನಿಂತಿದ್ದ ಮರ! ಬಣ್ಣಗಳಿಗೆ ಬೇರೆ ಹಲಗೆಗಳು. ಮುದ್ರಕ ಹಲಗೆಗೆ ಬಣ್ಣ ಸವರಿ, ತೇವದ ಕಾಗದ ಹಾಸಿ, ಬಿದಿರಿನ ಹಾಳೆ ಸುತ್ತಿದ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಿದ್ದ. ಪ್ರತಿ ಹಲಗೆಯ ಮೇಲೂ ಕಾಗದ ಅದೇ ಗುರುತಿಗೆ ಕೂರಬೇಕು. ಸ್ವಲ್ಪ ಜರುಗಿದರೂ ಚಿತ್ರ ಕೆಟ್ಟಿತು. ಆ ಗಾಢ ನೀಲಿ, ಯುರೋಪಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ, ಆಗ ಎಡೊದಲ್ಲಿ ಹೊಸ ಮೋಹವಾಗಿತ್ತು.

ಹೀಗೆ ಸಾವಿರಾರು ಹಾಳೆಗಳು ಅಚ್ಚಾಗಿ, ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಬಿಕರಿಯಾದವು. ಹಾಳೆಯಲ್ಲಿ ಹೊಕುಸಾಯ್‌ನ ಅಂಕಿತವಿದೆ, ಕೆತ್ತಿದವನ ಹೆಸರಿಲ್ಲ, ಮುದ್ರಿಸಿದವನ ಹೆಸರೂ ಇಲ್ಲ. ಇವನ್ನು ನಕಲು ಎಂದರೆ ಅವರಿಬ್ಬರ ಕಸುಬನ್ನು ಲೆಕ್ಕಕ್ಕೇ ಇಡದಂತಾಗುತ್ತದೆ. ನಾನಂತೂ ಅದನ್ನು ಒಪ್ಪಲಾರೆ.

ಹಾಗೆಂದು ಎಲ್ಲ ಪ್ರತಿಗಳೂ ಒಂದೇ ತೂಕದವಲ್ಲ. ಅಚ್ಚು ಒತ್ತುತ್ತಾ ಹೋದಂತೆ ಹಲಗೆ ಸವೆಯುತ್ತದೆ. ಎಡಗಡೆ ಮೇಲೆ ಶೀರ್ಷಿಕೆಯ ಚೌಕಟ್ಟಿದೆಯಲ್ಲ, ಮೊದಮೊದಲ ಪ್ರತಿಗಳಲ್ಲಿ ಅದರ ಅಂಚಿನ ಗೆರೆ ಅಖಂಡ. ಆಮೇಲಿನವುಗಳಲ್ಲಿ ಅಲ್ಲಲ್ಲಿ ತುಂಡಾಗಿದೆ. ಆಕಾಶದಲ್ಲಿ ಮೇಲೇಳುವ ನಸುಗೆಂಪು ಮೋಡ ಎಷ್ಟೋ ಪ್ರತಿಗಳಲ್ಲಿ ಮಾಸಿ, ಇದೆಯೋ ಇಲ್ಲವೋ ಎನ್ನುವಂತಾಗಿದೆ. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಪ್ರತಿ ಸುಮಾರು 27.6 ಲಕ್ಷ ಡಾಲರಿಗೆ ಹೋಯಿತು. ಬೇಗ ಒತ್ತಿದ, ಬಣ್ಣ ಉಳಿಸಿಕೊಂಡ ಪ್ರತಿಗಳಿಗೇ ಇಂಥ ಬೆಲೆ ಬರುವುದು.

ಬೆಳಕು ತಗುಲಿದಷ್ಟೂ ಈ ಬಣ್ಣಗಳು ಮಾಸುತ್ತವೆ. ಹಾಗಾಗಿ ಮ್ಯೂಸಿಯಂಗಳು ಈ ಹಾಳೆಗಳನ್ನು ಕೆಲಕಾಲ ಪ್ರದರ್ಶಿಸಿ, ಮತ್ತೆ ಬಹುಕಾಲ ಕತ್ತಲಲ್ಲಿ ಇಡುತ್ತವೆ. ನಿಮ್ಮ ಮಗಳು ಇನ್ನೊಮ್ಮೆ ಹೋಗುವುದಾದರೆ, ಚಿತ್ರ ಪ್ರದರ್ಶನದಲ್ಲಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಲಿ. ನೋಡಲು ಸಿಕ್ಕರೆ ಆ ಚೌಕಟ್ಟಿನ ಗೆರೆ ತುಂಡಾಗಿದೆಯೇ ಎಂದು ಗಮನಿಸಿ ನಮಗೂ ಬರೆಯಲಿ.