ಹಳೆಯ ಜೀಪಿಗೆ ಬೇರೆ ಆ್ಯಕ್ಸಲ್: ಕೊಳ್ಳುವ ಮುನ್ನ ಏನೇನು ಅಳೆಯಬೇಕು?

ಪ್ರಶ್ನೆ: ಸಕಲೇಶಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಸಿಜೆ-3ಬಿ ಮಾದರಿಯ ಹಳೆಯ ಮಹೀಂದ್ರಾ ಜೀಪ್ ಇದೆ. ಮೂಲ ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸಿ, ದೊಡ್ಡ ಟೈರ್ ಹಾಕಿಸಿದ ನಂತರ ಹಿಂದಿನ ಆ್ಯಕ್ಸಲ್ ಶಾಫ್ಟ್ ಪದೇ ಪದೇ ತುಂಡಾಗುತ್ತಿದೆ. ಗುಜರಿಯಲ್ಲಿ ಇದಕ್ಕಿಂತ ಅಗಲವಾದ ಹಿಂದಿನ ಆ್ಯಕ್ಸಲ್ ಇಡಿಯಾಗಿ ಸಿಗುತ್ತಿದೆ. ಕೊಳ್ಳಬಹುದೇ? ಹೇಗೆ ಅಳೆಯಬೇಕು?

ಉತ್ತರ: ತಾವು ಅಗಲದ ಮಾತಿನಿಂದ ಆರಂಭಿಸಿದ್ದೀರಿ, ಆದರೆ ಮೊದಲು ತಿಳಿಯಬೇಕಾದದ್ದು ಕ್ರೌನ್ ಮತ್ತು ಪಿನಿಯನ್ನಿನ, ಅಂದರೆ ಆ್ಯಕ್ಸಲ್ ಒಳಗಿನ ದೊಡ್ಡ ಹಾಗೂ ಚಿಕ್ಕ ಗೇರುಗಳ ಹಲ್ಲುಗಳ ಅನುಪಾತ. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಈ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಹಾಗೂ ಹಿಂದಿನ ಆ್ಯಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸಕ್ಕೆ ಎಡೆಕೊಡುವ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಎರಡೂ ಕಡೆಯ ಅನುಪಾತ ಒಂದೇ ಆಗಿರಲೇಬೇಕು. ಸಿಜೆ-3ಬಿಯ ಕ್ರೌನಿನಲ್ಲಿ 43 ಹಲ್ಲು, ಪಿನಿಯನ್ನಿನಲ್ಲಿ 8. ಅಂದರೆ ಸುಮಾರು 5.38. ಎರಡನೆಯ ಮಹಾಯುದ್ಧ ಕಾಲದ ವಿಲ್ಲೀಸ್ ಜೀಪಿನಲ್ಲಿ ಇದು 39ಕ್ಕೆ 8, ಅಂದರೆ 4.88. ಇವೆರಡನ್ನು ಹಿಂದೆ ಮುಂದೆ ಬೆರೆಸಿದರೆ ಚಕ್ರಗಳ ವೇಗದಲ್ಲಿ ಶೇಕಡ 10ರಷ್ಟು ವ್ಯತ್ಯಾಸ ಬರುತ್ತದೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಅದು ಗೊತ್ತಾಗದೆ ಹೋಗಬಹುದು. ಗಟ್ಟಿ ನೆಲದಲ್ಲಿ ಫೋರ್ ವ್ಹೀಲ್ ಹಾಕಿದ ಕೂಡಲೇ ಶಾಫ್ಟುಗಳೂ ಗೇರುಗಳೂ ಒಂದನ್ನೊಂದು ತಿರುಚತೊಡಗುತ್ತವೆ.

ಅನುಪಾತ ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಮುಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಹಿಂಭಾಗವನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಎತ್ತಿ, ನ್ಯೂಟ್ರಲ್‌ನಲ್ಲಿಟ್ಟು, ಒಂದು ಚಕ್ರ ಅಲುಗದಂತೆ ಹಿಡಿದು ಇನ್ನೊಂದನ್ನು ಹತ್ತು ಸುತ್ತು ತಿರುಗಿಸಿ, ಟ್ರಾನ್ಸ್‌ಫರ್ ಕೇಸಿನಿಂದ ಆ್ಯಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೆಂದು ಎಣಿಸಿ. ಸುಮಾರು 27 ಬಂದರೆ 5.38, ಇಪ್ಪತ್ನಾಲ್ಕೂವರೆಯ ಹತ್ತಿರ ಬಂದರೆ 4.88. ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಏಕೆಂದರೆ ಈ ಜೀಪಿನಲ್ಲಿ ಅದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಗುಜರಿಯಲ್ಲಿ ಬಿದ್ದಿರುವ ಆ್ಯಕ್ಸಲ್‌ಗೂ ಇದೇ ಕ್ರಮ. ಅಲ್ಲಿ ಪಿನಿಯನ್ನಿನ ಫ್ಲ್ಯಾಂಜ್ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡು ಎಣಿಸಿ.

ಅಗಲವನ್ನು ಟೈರಿನಿಂದ ಟೈರಿಗೆ ಅಳೆಯಬಾರದು. ಚಕ್ರದ ಡಿಸ್ಕಿನ (ಟೈರ್ ಕೂರುವ ಉಕ್ಕಿನ ಭಾಗದ) ಒಳಹೊರ ಬದಲಾದರೆ ಆ ಅಳತೆಯೂ ಬದಲಾಗುತ್ತದೆ. ಚಕ್ರ ಬಿಚ್ಚಿ, ಡಿಸ್ಕ್ ಬಂದು ಒರಗುವ ಮುಖಕ್ಕೆ ಎರಡೂ ಕಡೆ ನೇರವಾದ ಪಟ್ಟಿ ಹಿಡಿದು, ಅವುಗಳ ನಡುವಿನ ದೂರವನ್ನು ಅಳೆಯಿರಿ. ಬಳಿಕ ಪಿನಿಯನ್ನಿನ ಮಧ್ಯದಿಂದ ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ವಿಲ್ಲೀಸ್ ವಿನ್ಯಾಸದಲ್ಲಿ ಡಿಫರೆನ್ಷಿಯಲ್ ನಡುವೆ ಇರದೆ ಬಲಕ್ಕೆ ಸರಿದಿರುತ್ತದೆ. ನಡುವೆಯೇ ಪಿನಿಯನ್ ಇರುವ ಆ್ಯಕ್ಸಲ್ ತಂದರೆ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಓಡಿ ಯುನಿವರ್ಸಲ್ ಜಾಯಿಂಟ್ ಬೇಗ ಸವೆಯುತ್ತದೆ. ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಪೀಠಗಳ ನಡುವಿನ ದೂರ, ಯು ಬೋಲ್ಟ್ ಹಿಡಿಯುವ ಕೊಳವೆಯ ದಪ್ಪ, ಪೀಠಕ್ಕೂ ಪಿನಿಯನ್ನಿಗೂ ಇರುವ ಕೋನ ಕೂಡ ಹೊಂದಬೇಕು. ಪೀಠ ಕತ್ತರಿಸಿ ಬೆಸುಗೆ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಬೆಸುಗೆಯ ಬಿಸಿಗೆ ಕೊಳವೆ ಸ್ವಲ್ಪ ಬಾಗಿದರೂ ಬೇರಿಂಗ್ ಬಾಳುವುದಿಲ್ಲ.

ಇನ್ನು ಶಾಫ್ಟ್ ಏಕೆ ಮುರಿಯುತ್ತಿದೆ ಎಂಬ ವಿಚಾರ. ಮೂಲ ಹರಿಕೇನ್ ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಸುಮಾರು 155 ನ್ಯೂಟನ್ ಮೀಟರ್. ಇದನ್ನು ಮೊದಲ ಗೇರಿನ 2.8, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜಿನ 2.46 ಮತ್ತು ಆ್ಯಕ್ಸಲ್‌ನ 5.38ರಿಂದ ಗುಣಿಸಿದರೆ 5,700 ನ್ಯೂಟನ್ ಮೀಟರ್ ದಾಟುತ್ತದೆ. ಮುಂದಿನ ಚಕ್ರಗಳು ಹಿಡಿತ ಕಳೆದುಕೊಂಡ ಏರಿನಲ್ಲಿ ಈ ಪೂರ್ತಿ ಭಾರ ಹಿಂದಿನ ಎರಡು ಶಾಫ್ಟುಗಳ ಪಾಲಿಗೆ ಬರಬಲ್ಲದು. ಅದಕ್ಕಿಂತ ಬಲವಾಗಿ ಎಳೆಯುವ ಡೀಸೆಲ್ ಎಂಜಿನ್ನೂ, ಹೆಚ್ಚು ಹಿಡಿತದ ದೊಡ್ಡ ಟೈರೂ ಸೇರಿದ ಮೇಲೆ ಶಾಫ್ಟಿನ ಮೇಲಷ್ಟೇ ತಪ್ಪು ಹೊರಿಸುವುದು ನ್ಯಾಯವಲ್ಲ. ಮುರಿದ ತುಂಡಿನ ಸ್ಪ್ಲೈನ್ ಹಲ್ಲುಗಳು, ಅಂದರೆ ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲುಗಳು, ಹಗ್ಗದ ಎಳೆಯಂತೆ ತಿರುಚಿಕೊಂಡಿದ್ದರೆ ಕಾರಣ ಅತಿಭಾರವೇ. ಈ ಮಾದರಿಯ ಹಿಂದಿನ ಶಾಫ್ಟ್ ವಾಹನದ ತೂಕವನ್ನೂ ಹೊರುತ್ತದೆ. ಬೇರಿಂಗಿನ ಹೊರಗೆ ಮುರಿದರೆ ಚಕ್ರವೇ ಕಳಚಿ ಹೋಗುತ್ತದೆ.

ಆದ್ದರಿಂದ ಒಂಟಿ ಹಿಂದಿನ ಆ್ಯಕ್ಸಲ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಹಿಂಭಾಗ ಮಾತ್ರ ಅಗಲವಾದರೆ ಮುಂದಿನ ಚಕ್ರದ ಜಾಡಿನಲ್ಲಿ ಹಿಂದಿನದು ಬರುವುದಿಲ್ಲ, ತೋಟದ ಕಿರುದಾರಿಯಲ್ಲಿ ಅದು ಅಪಾಯ. ಒಂದೇ ಜೀಪಿನ ಮುಂದಿನ ಮತ್ತು ಹಿಂದಿನ ಜೋಡಿ ಸಿಕ್ಕಿ, ಮೇಲಿನ ಅಳತೆಗಳೆಲ್ಲ ಹೊಂದಿದರೆ ಆಲೋಚಿಸಬಹುದು. ಇಲ್ಲವಾದರೆ ಎರಡೂ ಶಾಫ್ಟ್ ಹೊಸದು ಹಾಕಿಸಿ, ಮೂಲ 6.00-16 ಟೈರಿಗೆ ಮರಳುವುದೇ ಅಗ್ಗ, ಅದೇ ಕ್ಷೇಮ. ಸಾರ್ವಜನಿಕ ರಸ್ತೆಗೆ ಇಳಿಸುವ ವಾಹನವಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇಂಥ ಮಾರ್ಪಾಡಿಗೆ ಅನ್ವಯಿಸುವುದರಿಂದ ಆರ್.ಟಿ.ಒ. ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಪ್ರಶ್ನೆ: ಮುರಿದ ಶಾಫ್ಟನ್ನು ಲೇತ್‌ನಲ್ಲಿ ಮಾಡಿಸಬಹುದೇ?

ಉತ್ತರ: ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ಸಾಮಾನ್ಯ ಮೃದು ಉಕ್ಕು ಸಾಲದು; ಇಎನ್ 24ರಂಥ ಮಿಶ್ರ ಉಕ್ಕನ್ನು ಬಳಸಿ, ಹದ ಕೊಡಿಸಿರಬೇಕು. ಮುರಿದ ತುಂಡುಗಳನ್ನು ಜೋಡಿಸಿ ಉದ್ದ ಅಳೆದರೆ ತಪ್ಪಾಗುತ್ತದೆ, ಎಡಬಲದ ಶಾಫ್ಟುಗಳ ಉದ್ದವೂ ಬೇರೆ ಬೇರೆ. ಅದೇ ಬದಿಯ ಕೆಡದ ಮಾದರಿಯನ್ನೇ ಕೊಡಿ. ಸ್ಪ್ಲೈನಿನ ಹಲ್ಲುಗಳ ಸಂಖ್ಯೆ, ಹೊರವ್ಯಾಸ, ಹಬ್ ಕೂರುವ ಇಳಿಜಾರಿನ ಅಳತೆ ಮತ್ತು ಕೀಲಿಯ ಕಾಲುವೆ ಮುಖ್ಯ. ವ್ಯಾಸ ಬದಲಾಗುವ ಕಡೆ ಚೂಪಾದ ಮೂಲೆ ಬಿಡದೆ ದುಂಡಗೆ ಮಾಡಿಸಿ. ಬಿರುಕು ಸಾಮಾನ್ಯವಾಗಿ ಹುಟ್ಟುವುದು ಅಲ್ಲಿಯೇ. ವ್ಯಾಸ ಶೇಕಡ 10 ಹೆಚ್ಚಿದರೆ ತಿರುಚುವಿಕೆಯನ್ನು ತಾಳುವ ಶಕ್ತಿ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ ಎಂಬುದು ನಿಜ, ಆದರೆ ಬೇರಿಂಗ್ ಮತ್ತು ಡಿಫರೆನ್ಷಿಯಲ್ ಗೇರಿನ ರಂಧ್ರಗಳು ಅದಕ್ಕೆ ಅವಕಾಶ ಕೊಡುವುದಿಲ್ಲ.

ಪ್ರಶ್ನೆ: ಚಕ್ರ ಬಿಗಿಯುವ ಐದು ಸ್ಟಡ್‌ಗಳಿರುವ ಹಬ್ಬಿನಲ್ಲಿ ಎದುರುಬದುರು ಸ್ಟಡ್ ಇರುವುದಿಲ್ಲ. ಸ್ಟಡ್‌ಗಳು ಕೂರುವ ವೃತ್ತದ ವ್ಯಾಸವನ್ನು ಹೇಗೆ ಅಳೆಯುವುದು?

ಉತ್ತರ: ಅಕ್ಕಪಕ್ಕದ ಎರಡು ಸ್ಟಡ್‌ಗಳ ಮಧ್ಯದಿಂದ ಮಧ್ಯಕ್ಕೆ ಅಳೆದು 1.701ರಿಂದ ಗುಣಿಸಿ. 82.1 ಮಿಲಿಮೀಟರ್ ಬಂದರೆ ವ್ಯಾಸ 139.7, ಅಂದರೆ ಐದೂವರೆ ಅಂಗುಲ. ಹಳೆಯ ಜೀಪಿನದು ಇದೇ. ಆರು ಸ್ಟಡ್ ಇದ್ದರೆ ಎದುರುಬದುರು ನೇರವಾಗಿ ಅಳೆದರೆ ಸಾಕು.