ಖಂಡಿತ ಹೋಗಿ, ಆದರೆ ಒಂದೇ ದಿನಕ್ಕೆ ನಿಲ್ಲಿಸಬೇಡಿ

ನಮಸ್ಕಾರ ರೀ. ಬೆಳಗಾವಿಯಲ್ಲಿ ಕೊರಿಯರ್ ಏಜೆನ್ಸಿ ನಡೆಸುವ ನೀವು, ಒಂದು ದಿನ ಹುಡುಗರ ಜೊತೆ ಪಾರ್ಸೆಲ್ ಹಂಚಲು ಹೋದರೆ ಅವರು ಅನುಮಾನ ಪಡುತ್ತಾರಾ ಅಂತ ಕೇಳಿದ್ದೀರಿ.

2024ರಲ್ಲಿ ಮನೆಗೆ ಊಟ ತರಿಸಿಕೊಡುವ ಜೊಮ್ಯಾಟೊ ಕಂಪನಿ ಕಟ್ಟಿದ ದೀಪಿಂದರ್ ಗೋಯಲ್ ತಾವೇ ಊಟ ತಲುಪಿಸಲು ಹೊರಟಾಗ, ಗುರುಗ್ರಾಮದ ಒಂದು ಮಾಲ್‌ನಲ್ಲಿ ಲಿಫ್ಟ್ ಸಿಗದೆ ಮೆಟ್ಟಿಲು ಹತ್ತಬೇಕಾಯಿತು. ಆಫೀಸಿನಲ್ಲಿ ಕೂತಿದ್ದರೆ ಇದು ಕಾಣುತ್ತಿತ್ತಾ?

ನಾನು ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದಲ್ಲಿ, ಕೆಲಸ ಮಾಡಿದವನು. ಸೀಸನ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆವರೆಗೂ ನಿಂತಿರುತ್ತಿದ್ದವು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕಡಿಮೆಯಾಗುತ್ತದೆ. ರೈತರ ಸಿಟ್ಟು ನ್ಯಾಯವಾದದ್ದೇ, ಆದರೆ ಅದೆಲ್ಲ ಬೀಳುತ್ತಿದ್ದುದು ನಮ್ಮ ಮೇಲೆ. ಹೊಸ ಮ್ಯಾನೇಜರ್ ಒಬ್ಬರು ಒಂದು ವಾರ ರಾತ್ರಿ ಪಾಳಿಗೆ ಬಂದು ನಮ್ಮ ಪಕ್ಕ ಕೂತರು. ಮೊದಲೆರಡು ರಾತ್ರಿ ಸುಮ್ನೆ ನೋಡಿದರು. ಮೂರನೇ ರಾತ್ರಿ ತಾವೇ ತೂಕದ ಚೀಟಿ ಬರೆದರು, ಬೈಸಿಕೊಂಡರು. ಮುಂದಿನ ವಾರವೇ ಎರಡನೇ ಕಾಟಾ ರಾತ್ರಿಯೂ ಶುರುವಾಯಿತು. ನಾವು ವರ್ಷಗಟ್ಟಲೆ ಕೇಳಿದ್ದೂ ಅದನ್ನೇ!

ಅನುಮಾನ ಬರಬಾರದು ಅಂದರೆ ಮೊದಲೇ ಹೇಳಿ ಹೋಗಿ. ಫೋಟೋ ಬೇಡ. ಸಲೀಸಾದ ರೂಟ್ ಬಿಟ್ಟು ಖಡೇಬಜಾರಿನ ಗದ್ದಲದ ರೂಟ್ ಹಿಡಿಯಿರಿ. ಜುಲೈ ಮಳೆಯಲ್ಲಾದರೆ ಇನ್ನೂ ಒಳ್ಳೆಯದು. ಪೆಟ್ರೋಲ್ ಖರ್ಚನ್ನೂ ಹುಡುಗರು ಮಾಡುವ ಹಾಗೆಯೇ ಮಾಡಿ ನೋಡಿ.