ಬೆನ್ವೆನುತಿ ಚಾಂಪಿಯನ್ ಆದದ್ದು 1965ರಲ್ಲೋ, 1967ರಲ್ಲೋ, 1968ರಲ್ಲೋ?
ನೀವು ಹೇಳುವ ಬಾಕ್ಸಿಂಗ್ ವಿಶ್ವ ಚಾಂಪಿಯನ್‌ಗಳ ಪಟ್ಟಿಯಲ್ಲಿ ಎರಡು ತೂಕದ ವಿಭಾಗಗಳು ಕಲಸಿಹೋಗಿರಬೇಕು, ಅದಕ್ಕೇ ಇಟಲಿಯ ಬಾಕ್ಸರ್ ನೀನೊ ಬೆನ್ವೆನುತಿ ಈ ಮೂರು ವರ್ಷಗಳಲ್ಲಿ ಮೂರು ಸಲ ಹೊಸದಾಗಿ ಚಾಂಪಿಯನ್ ಆದ ಹಾಗೆ ಕಾಣುತ್ತಿದೆ. ಪಟ್ಟಿ ನೋಡದೆ ಹೇಳುತ್ತಿದ್ದೇನೆ, ಆದರೂ ಬಹುಶಃ ಇದೇ ಕಾರಣ.

ಮೊದಲು 1965 ಪಕ್ಕಕ್ಕಿಡಿ. ಅದು ಲೈಟ್ ಮಿಡಲ್‌ವೇಟ್ (ಮಿಡಲ್‌ವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ತೂಕ), ಮಿಲಾನ್‌ನಲ್ಲಿ ಸಾಂಡ್ರೊ ಮಜ್ಜಿಂಗಿಯನ್ನು ನಾಕೌಟ್ ಮಾಡಿ ಗೆದ್ದದ್ದು. ಮರುವರ್ಷ ಕೊರಿಯಾದ ಸಿಯೋಲ್‌ನಲ್ಲಿ ಕಿಮ್ ಕಿ-ಸೂಗೆ ಸೋತು ಆ ಪಟ್ಟ ಹೋಯಿತು. ಆಮೇಲೆ ಮಿಡಲ್‌ವೇಟ್ ಬೇರೆ ಬರೆದುಕೊಳ್ಳಿ. ಎಮಿಲ್ ಗ್ರಿಫಿತ್ ಜೊತೆ ಮೂರು ಪಂದ್ಯ, ಮೂರೂ ನ್ಯೂಯಾರ್ಕ್‌ನಲ್ಲೇ: 1967ರ ಏಪ್ರಿಲ್‌ನಲ್ಲಿ ಗೆಲುವು, ಸೆಪ್ಟೆಂಬರ್‌ನಲ್ಲಿ ಸೋಲು, 1968ರ ಮಾರ್ಚ್‌ನಲ್ಲಿ ಮತ್ತೆ ಗೆಲುವು. ಒಂದೇ ಪಟ್ಟವನ್ನು ಎರಡು ಸಲ ಗೆದ್ದದ್ದರಿಂದ ಗೊಂದಲ ಜಾಸ್ತಿ ಆಗೋದು ಇಲ್ಲೇ. 1970ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ಕಾರ್ಲೋಸ್ ಮೊನ್ಸೋನ್‌ಗೆ ಸೋತಾಗ ಪಟ್ಟ ಕೊನೆಯಾಯಿತು. 1960ರ ಒಲಿಂಪಿಕ್ ಚಿನ್ನ ವೆಲ್ಟರ್‌ವೇಟ್‌ನದು, ಅದನ್ನು ಇದರಲ್ಲಿ ಸೇರಿಸಬೇಡಿ.